ಲೀಸ್‌ಹೋಲ್ಡ್ ಫ್ಲ್ಯಾಟ್: ಶುಲ್ಕ ಪ್ರಶ್ನಿಸುವ ಹಕ್ಕಿದೆ

ಇಂಗ್ಲೆಂಡಿನಲ್ಲಿ ಲೀಸ್‌ಹೋಲ್ಡ್ ಫ್ಲ್ಯಾಟ್ (ಕಟ್ಟಡ ಬೇರೆಯವರದ್ದು, ದೀರ್ಘಾವಧಿಯ ಗುತ್ತಿಗೆ ಅಂದರೆ ಲೀಸಿನ ಹಕ್ಕು ಮಾತ್ರ ಕೊಂಡವರದ್ದು) ಕೊಂಡಿರುವ ಕನ್ನಡಿಗರು, ಕಟ್ಟಡದ ಮಾಲೀಕರು ಕಳಿಸುವ ‘ಆಡಳಿತ ಶುಲ್ಕ’ದ ಬಿಲ್ಲನ್ನು ಕಣ್ಣು ಮುಚ್ಚಿ ಕಟ್ಟಬೇಕಾಗಿಲ್ಲ. ಫ್ಲ್ಯಾಟ್ ಬಾಡಿಗೆಗೆ ಕೊಡಲು ಒಪ್ಪಿಗೆ, ದಾಖಲೆಯ ಪ್ರತಿ, ತಡವಾದ ಪಾವತಿ, ಕರಾರಿನ ಉಲ್ಲಂಘನೆ ಎಂದು ವಿಧಿಸುವ ಶುಲ್ಕಗಳೆಲ್ಲ 2002ರ ಕಾಮನ್‌ಹೋಲ್ಡ್ ಮತ್ತು ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯ 11ನೇ ಅನುಸೂಚಿಗೆ ಒಳಪಡುತ್ತವೆ. ಬಿಲ್ಲಿನ ಜೊತೆ ಹಕ್ಕು–ಬಾಧ್ಯತೆಗಳ ಸಾರಾಂಶ ಇರಲೇಬೇಕು. ಇಲ್ಲದಿದ್ದರೆ ಅದು ಬರುವವರೆಗೆ ಹಣ ತಡೆಹಿಡಿಯಬಹುದು.

ಮೊತ್ತ ಸಮಂಜಸವೇ, ಯಾರು, ಯಾರಿಗೆ, ಯಾವಾಗ ಕೊಡಬೇಕು ಎಂಬುದನ್ನು ಇಂಥ ವ್ಯಾಜ್ಯಗಳನ್ನು ಕೇಳುವ ನ್ಯಾಯಮಂಡಳಿಯಾದ ಫಸ್ಟ್–ಟಿಯರ್ ಟ್ರಿಬ್ಯೂನಲ್ ತೀರ್ಮಾನಿಸುತ್ತದೆ. ಮರುಬಾಡಿಗೆಯ ಒಪ್ಪಿಗೆಗೆ 40 ಪೌಂಡ್ ಮತ್ತು ವ್ಯಾಟ್ ಸಾಕೆಂದು 2012ರಲ್ಲಿ ಮೇಲ್ಮನವಿ ಕೇಳುವ ಅಪ್ಪರ್ ಟ್ರಿಬ್ಯೂನಲ್ ಹೇಳಿದ ಪ್ರಕರಣವಿದೆ. ಹಣ ಕಟ್ಟಿದ ಮಾತ್ರಕ್ಕೆ ಬಿಲ್ ಒಪ್ಪಿಕೊಂಡಂತಾಗದು. ಆದರೆ ‘ಒಪ್ಪಿದೆ’ ಎಂದು ಬರೆದುಕೊಟ್ಟರೆ ಅರ್ಜಿಯ ದಾರಿ ಮುಚ್ಚುತ್ತದೆ. ಹಲವರು ಎಡವುವುದು ಇಲ್ಲಿಯೇ. ಮಾಲೀಕರು ತಮ್ಮ ವ್ಯಾಜ್ಯದ ಖರ್ಚನ್ನೂ ಇದೇ ಹೆಸರಿನಲ್ಲಿ ಹೇರುವುದುಂಟು. ಅದನ್ನು ಕಡಿತಗೊಳಿಸಲು ಅಥವಾ ರದ್ದುಪಡಿಸಲು ಇದೇ ಅನುಸೂಚಿಯ 5ಎ ಪ್ಯಾರಾದಡಿ ಪ್ರತ್ಯೇಕವಾಗಿ ಕೋರಬೇಕು.

ಒಂದು ಎಚ್ಚರಿಕೆ: ಲೀಸಿನಲ್ಲೇ ನಿಗದಿತ ಮೊತ್ತ ಅಥವಾ ಸೂತ್ರ ಬರೆದಿದ್ದರೆ ಸಮಂಜಸತೆಯ ಈ ಪರೀಕ್ಷೆ ನೇರವಾಗಿ ಅನ್ವಯಿಸದು. ಆಗ ಲೀಸಿನ ತಿದ್ದುಪಡಿಗೇ ಅರ್ಜಿ ಹಾಕಬೇಕು, ಅದು ಕಷ್ಟದ ಹಾದಿ. ಆದ್ದರಿಂದ ಅಲ್ಲಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ಲೀಸ್‌ಹೋಲ್ಡ್ ಕಾನೂನು ಬಲ್ಲ ವಕೀಲರನ್ನು ಕರೆಸಿ, ಸದಸ್ಯರು ಖರೀದಿಗೆ ಸಹಿ ಹಾಕುವ ಮುನ್ನವೇ ಲೀಸಿನ ಶುಲ್ಕದ ಷರತ್ತುಗಳನ್ನು ಓದಿಸಿ ವಿವರಿಸುವ ವ್ಯವಸ್ಥೆ ಮಾಡಲಿ.