ಮೂರನೇ ದೃಶ್ಯಕ್ಕೆ ಕತ್ತರಿ ಹಾಕಿದ್ದು ನಾನೇ

ಗೆಳೆಯಾ,

ಉತ್ಸವ ಮುಗಿದು ನಾಲ್ಕು ದಿನ ಆಯ್ತು. ಫೋನಿನಲ್ಲಿ ‘ಚೆನ್ನಾಗಿ ಆಯ್ತು’ ಅಂತಷ್ಟೇ ಹೇಳಿ ಜಾರಿಕೊಂಡಿದ್ದೆ. ಅದಕ್ಕೊಂದು ಕಾರಣ ಇದೆ. ನಿನ್ನ ನಾಟಕದ ಮೂರನೇ ದೃಶ್ಯವನ್ನು ನಾನು ತೆಗೆದುಹಾಕಿದೆ. ಪೂರ್ತಿಯಾಗಿ, ನಿನ್ನನ್ನು ಒಂದು ಮಾತು ಕೇಳದೆ. ಬರೆದವನ ಒಪ್ಪಿಗೆ ಇಲ್ಲದೆ ನಾಟಕಕ್ಕೆ ಕೈ ಹಾಕಬಾರದು ಅಂತ ಊರಿಗೆಲ್ಲ ಭಾಷಣ ಮಾಡುವವನು ನಾನೇ. ಬೈಯುವುದಿದ್ದರೆ ಬೈದುಬಿಡು, ಆದರೆ ಪತ್ರ ಓದಿ ಮುಗಿಸಿದ ಮೇಲೆ.

ನಮಗೆ ಸಿಕ್ಕಿದ್ದು 75 ನಿಮಿಷ. ಅದರೊಳಗೆ ಸೆಟ್ ಹಾಕಲು 10, ಬಿಚ್ಚಲು 10. ಆಡಲು ಉಳಿಯುವುದು 55. ನಮ್ಮ ನಾಟಕ ನಿಧಾನಕ್ಕೆ ಆಡಿದರೂ ಅವಸರದಲ್ಲಿ ಆಡಿದರೂ 68ರ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅರ್ಜಿ ತುಂಬುವಾಗ ‘ಅಂದಾಜು ಒಂದು ಗಂಟೆ’ ಅಂತ ಧೈರ್ಯವಾಗಿ ಬರೆದಿದ್ದೆ. ಆ ‘ಅಂದಾಜು’ ಅನ್ನೋ ಪದ ಆಮೇಲೆ ಎಷ್ಟು ರಾತ್ರಿ ನಿದ್ದೆ ಕೆಡಿಸಿತು ಅಂತ ನನಗೇ ಗೊತ್ತು.

ಮೊದಲು ಕತ್ತಲಿಗೆ ಕತ್ತರಿ ಹಾಕಿದೆ. ನಾಟಕದಲ್ಲಿ 11 ಬ್ಲ್ಯಾಕ್‌ಔಟ್ ಇದ್ದವು. ಒಂದೊಂದು ಎಂಟು ಹತ್ತು ಸೆಕೆಂಡು. ಕೂಡಿಸಿ ನೋಡಿದರೆ ಹತ್ತಿರ ಹತ್ತಿರ ಎರಡು ನಿಮಿಷ ಪ್ರೇಕ್ಷಕರು ಏನೂ ಕಾಣದೆ ಕೂತಿರುತ್ತಾರೆ, ರಂಗದ ಪಕ್ಕದ ವಿಂಗ್‌ನಲ್ಲಿ ನಾವು ಸ್ಟೂಲಿಗೆ ಕಾಲು ತಾಗಿಸಿಕೊಂಡು ಒದ್ದಾಡುತ್ತಿರುತ್ತೇವೆ. ಅದಕ್ಕೇ ಒಂದೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ. ಅಣ್ಣನ ಪಾತ್ರದವನೇ ಬೆಳಕಿನಲ್ಲಿ, ಎಲ್ಲರ ಎದುರಿಗೇ, ಟ್ರಂಕ್ ಎಳೆದುಕೊಂಡು ಹೋಗಿ ಇನ್ನೊಂದು ಕಡೆ ಇಡುತ್ತಾನೆ. ಮನೆ ಖಾಲಿ ಮಾಡುವ ನಾಟಕ ತಾನೇ, ಎಳೆಯಲಿ ಬಿಡು ಅಂದುಕೊಂಡೆ. ಇದು ನಿಜಕ್ಕೂ ಚೆನ್ನಾಗಿ ಬಂತು.

ಮೌನಗಳನ್ನು ಹಿಂಡಿ ಇನ್ನೆರಡು ನಿಮಿಷ ತೆಗೆದೆ. ಮಾತುಗಳನ್ನು ಬೇಗ ಬೇಗ ಆಡಿಸಿಯೂ ನೋಡಿದೆ. ಹಾಗೆ ಆಡಿಸಿದರೆ ನಾಟಕ ಗಿಡ್ಡ ಆಗುವುದಿಲ್ಲ ಮಾರಾಯ, ಬಸ್ಸು ತಪ್ಪಿಹೋಗುವ ಭಯದಲ್ಲಿ ಇರುವವರ ಹಾಗೆ ಕಾಣುತ್ತೆ ಅಷ್ಟೇ. ಇನ್ನೂ ಒಂಬತ್ತು ನಿಮಿಷ ಬಾಕಿ. ಮೂರನೇ ದೃಶ್ಯ ಸರಿಯಾಗಿ ಒಂಬತ್ತು ನಿಮಿಷ. ಅಣ್ಣ ಒಬ್ಬನೇ ನಿಂತು ಖಾಲಿ ಮನೆಯ ಜೊತೆ ಮಾತಾಡುವ ದೃಶ್ಯ. ನಿನಗೆ ಅದು ಎಷ್ಟು ಇಷ್ಟ ಅಂತ ಗೊತ್ತು. ಆದರೆ ಅದನ್ನು ತೆಗೆದರೂ ಕಥೆ ಕುಂಟುವುದಿಲ್ಲ. ಇನ್ನೊಂದು ವಿಷಯ, ಸಮಯದ ನೆಪ ಇಲ್ಲದಿದ್ದರೂ ಆ ದೃಶ್ಯ ತಾಲೀಮಿನಲ್ಲಿ ನನ್ನನ್ನು ಕಾಡುತ್ತಿತ್ತು. ಎಲ್ಲೋ ಭಾರ ಆಗುತ್ತಿತ್ತು. ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. ನಟ ಮುಖ ಸಣ್ಣ ಮಾಡಿಕೊಂಡ. ಎರಡು ತಿಂಗಳು ಕಷ್ಟಪಟ್ಟು ಬಾಯಿಪಾಠ ಮಾಡಿದ್ದ ಪಾಪ.

ಆ ಮರದ ಬಾಗಿಲಿನ ಚೌಕಟ್ಟನ್ನೂ ಒಯ್ಯಲಿಲ್ಲ. ಸಾಮಾನು ಇಡಲು ಒಂದು ತಂಡಕ್ಕೆ ಸಿಗುವುದು ಒಂದು ಮೂಲೆ ಮಾತ್ರ. ಎರಡು ಸ್ಟೂಲು, ಒಂದು ಟ್ರಂಕ್, ಉಳಿದ ಪ್ರಾಪರ್ಟಿ ಎಲ್ಲ ಆ ಟ್ರಂಕಿನೊಳಗೆ. ಬಾಗಿಲು ಇರಬೇಕಾದ ಜಾಗದಲ್ಲಿ ನೆಲಕ್ಕೆ ಟೇಪ್. ಪ್ರತಿ ತಂಡಕ್ಕೂ ಬೇರೆ ಬಣ್ಣದ ಟೇಪ್, ನಮ್ಮದು ಹಳದಿ. ನೀಲಿ ಟೇಪಿನವರ ಮಂಚದ ಗುರುತಿನ ಮೇಲೆ ತಂಗಿಯ ಪಾತ್ರದವಳು ಹೋಗಿ ನಿಂತು ಒಮ್ಮೆ ಪೂರ್ತಿ ಕತ್ತಲಲ್ಲೇ ಮಾತಾಡಿದಳು, ಅದು ಬೇರೆ ಕಥೆ.

ಟೆಕ್ನಿಕಲ್ ರಿಹರ್ಸಲ್‌ಗೆ ಎರಡೇ ಗಂಟೆ. ಉತ್ಸವದಲ್ಲಿ ಲೈಟುಗಳನ್ನು ಎಲ್ಲರಿಗೂ ಸೇರಿಸಿ ಒಂದೇ ಸಲ ಕಟ್ಟಿರುತ್ತಾರೆ. ನಿನಗೆ ಬೇಕಾದ ಕಡೆ ತಿರುಗಿಸಿಕೊಳ್ಳುವ ಹಾಗಿಲ್ಲ. ನಮ್ಮದು ಅಂತ ಸಿಕ್ಕಿದ್ದು ಎರಡು ಸ್ಪಾಟ್ ಮಾತ್ರ. ಮಾತುಗಳನ್ನೆಲ್ಲ ಹಾರಿಸಿ ಒಂದು ಕ್ಯೂನಿಂದ, ಅಂದರೆ ಲೈಟ್ ಬದಲಾಗುವ ಜಾಗದಿಂದ, ಇನ್ನೊಂದು ಕ್ಯೂಗೆ ನೆಗೆಯುತ್ತಾ ಹೋಗಬೇಕು. ನಾನು 42 ಕ್ಯೂ ಬರೆದುಕೊಂಡು ಹೋಗಿದ್ದೆ. ಲೈಟ್ ಬೋರ್ಡಿನಲ್ಲಿದ್ದ ಹುಡುಗಿ ಉತ್ಸವದ ಕಡೆಯವಳು, ನಾಟಕ ನೋಡಿಯೇ ಇರಲಿಲ್ಲ. ಹದಿನೈದು ನಿಮಿಷ ಆದ ಮೇಲೆ ತುಂಬಾ ಮರ್ಯಾದೆಯಿಂದ ಕೇಳಿದಳು: “ಸರ್, ಇಲ್ಲಿ ಲೈಟ್ ಯಾಕೆ ಬದಲಾಗಬೇಕು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನದಕ್ಕೂ ಇರಲಿಲ್ಲ. ಕೊನೆಗೆ 19 ಉಳಿದವು. ಆರು ತಿಂಗಳ ತಾಲೀಮಿನಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು.

ಮೊದಲ ಪ್ರದರ್ಶನಕ್ಕೆ 14 ಜನ. ನಟರಿಗೆ ಧೈರ್ಯ ಹೇಳಲು ನಾನು ಹಳೇ ಕಥೆ ತೆಗೆದೆ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮೊದಲ ಅಂತರರಾಷ್ಟ್ರೀಯ ಉತ್ಸವ ನಡೆದಾಗ 8 ತಂಡಗಳು ಯಾರೂ ಕರೆಯದೆ ಬಂದು, ಸಿಕ್ಕ ಜಾಗದಲ್ಲಿ ನಾಟಕ ಆಡಿದವು. ಮರುವರ್ಷ ರಾಬರ್ಟ್ ಕೆಂಪ್ ಅನ್ನುವ ಲೇಖಕ ಅವನ್ನು ಉತ್ಸವದ ಅಂಚಿನ ನಾಟಕಗಳು ಅಂತ ಕರೆದು ಬರೆದ. ‘ಫ್ರಿಂಜ್’, ಅಂದರೆ ಅಂಚು, ಅನ್ನೋ ಹೆಸರು ಅಂಟಿಕೊಂಡಿತು. ಹೀಗೆ ನಾನು ಉಪದೇಶ ಮಾಡುತ್ತಿದ್ದರೆ ತಂಗಿ ಮೇಕಪ್ ಮಾಡಿಕೊಳ್ಳುತ್ತಲೇ ಕೇಳಿದಳು, “ಅವರಿಗೂ 55 ನಿಮಿಷ ಅಂತ ಯಾರಾದ್ರೂ ಹೇಳಿದ್ರಾ?” ಈಗ ಅದೇ ಎಡಿನ್‌ಬರೋದಲ್ಲಿ ಒಂದೇ ಕೋಣೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಪ್ರದರ್ಶನ, ಹೆಚ್ಚಿನವು ಸುಮಾರು ಒಂದು ಗಂಟೆಯವು. ಅದನ್ನು ಹೇಳಲು ಹೋಗಲಿಲ್ಲ.

ಮೊದಲ ಪ್ರದರ್ಶನ 54 ನಿಮಿಷಕ್ಕೆ ಮುಗಿಯಿತು. ಅಚ್ಚುಕಟ್ಟಾಗಿತ್ತು. ಅಷ್ಟೇ, ಅದರ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ.

ಎರಡನೇ ದಿನ 31 ಜನ ಬಂದಿದ್ದರು. ಎರಡನೇ ದೃಶ್ಯ ಮುಗಿದು ಬ್ಲ್ಯಾಕ್‌ಔಟ್. ನಾನು ಉಳಿಸಿಕೊಂಡಿದ್ದ ಒಂದೆರಡರಲ್ಲಿ ಒಂದು. ಐದು ಸೆಕೆಂಡಿಗೆ ಬೆಳಕು ಬರಬೇಕು. ಬರಲಿಲ್ಲ. ಹತ್ತು ಸೆಕೆಂಡು. ಹದಿನೈದು. ಲೈಟ್ ಬೋರ್ಡ್ ಹ್ಯಾಂಗ್ ಆಗಿತ್ತು. ಆಫ್ ಮಾಡಿ ಆನ್ ಮಾಡಬೇಕು, ಎರಡು ಮೂರು ನಿಮಿಷ ಹಿಡಿಯುತ್ತೆ ಅಂತ ಆ ಹುಡುಗಿ ನನ್ನ ಕಿವಿಯಲ್ಲಿ ಉಸುರಿದಳು. ನನ್ನ ಜೀವ ಬಾಯಿಗೆ ಬಂದಿತ್ತು. ಸಭಾಂಗಣದ ಲೈಟ್ ಹಾಕಿಸಿ ಕ್ಷಮೆ ಕೇಳೋಣ ಅಂತ ಎದ್ದೇ ಬಿಟ್ಟಿದ್ದೆ.

ಆಗ ಕತ್ತಲಿನಿಂದ ಧ್ವನಿ ಬಂತು. “ಈ ಬೀಗಕ್ಕೆ ಮೂರು ಕೀ ಇದ್ದವು.”

ನಿನ್ನ ಮೂರನೇ ದೃಶ್ಯದ ಮೊದಲ ಸಾಲು.

ಆ ಹುಡುಗಿ ಬಟನ್ ಮೇಲಿನ ಬೆರಳು ಎತ್ತದೆ ನನ್ನ ಮುಖ ನೋಡಿದಳು. ನಾನು ಮತ್ತೆ ಕೂತೆ. ಅವನು ಏನೂ ಅವಸರ ಮಾಡಲಿಲ್ಲ. ಒಂದು ಕೀ ಅಮ್ಮನ ಸೆರಗಿನಲ್ಲಿ, ಒಂದು ಮೊಳೆಗೆ, ಇನ್ನೊಂದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ ಅನ್ನುವಲ್ಲಿಗೆ ಬಂದಾಗ ಒಬ್ಬರೂ ಕೆಮ್ಮಲಿಲ್ಲ, ಒಂದು ಕುರ್ಚಿಯೂ ಕಿರ್ ಅನ್ನಲಿಲ್ಲ. ಸುಮಾರು ಮೂರು ನಿಮಿಷ ಮಾತಾಡಿರಬೇಕು. ಮಧ್ಯದ್ದನ್ನೆಲ್ಲ ತಾನೇ ಹಾರಿಸಿದ್ದ. ಬೆಳಕು ಬಂದಾಗ ಅವನು ನಾವು ಹೇಳಿದ ಜಾಗದಲ್ಲಿ ಇರಲಿಲ್ಲ. ಟ್ರಂಕಿಗೆ ಒರಗಿ ನೆಲದ ಮೇಲೆ ಕೂತಿದ್ದ. ತಂಗಿ ಒಳಗೆ ಬಂದು, ಅವನನ್ನು ನೋಡಿ, ಏನೂ ಆಗಿಲ್ಲವೆಂಬಂತೆ ನಾಲ್ಕನೇ ದೃಶ್ಯದ ಮಾತು ಎತ್ತಿಕೊಂಡಳು.

ನಾಲ್ಕು ನಿಮಿಷ ಮೀರಿದೆವು. ಮುಂದಿನ ತಂಡದವರು ಮಂಚ ಹೊತ್ತುಕೊಂಡು ವಿಂಗ್‌ನಲ್ಲಿ ನಮ್ಮನ್ನೇ ನುಂಗುವ ಹಾಗೆ ನೋಡುತ್ತಿದ್ದರು. ಚಪ್ಪಾಳೆ ಮುಗಿಯುವ ಮೊದಲೇ ಟೇಪ್ ಕೀಳಲು ಶುರುಮಾಡಿದೆವು. ವ್ಯವಸ್ಥಾಪಕರಿಂದ ಬೈಸಿಕೊಂಡಿದ್ದೂ ಆಯ್ತು. ಬೋರ್ಡ್ ಕೆಟ್ಟಿದ್ದು ನಮ್ಮಿಂದಲ್ಲ ಅಂತ ವಾದ ಮಾಡುವಷ್ಟು ಉಸಿರು ಇರಲಿಲ್ಲ. ಹೊರಗೆ ಒಬ್ಬ ಹೆಂಗಸು ನಿಂತು ಕೇಳಿದರು, “ಆ ಕತ್ತಲೆ ದೃಶ್ಯ ಯಾರ ಐಡಿಯಾ?” ನಾನು ನಿನ್ನ ಹೆಸರು ಹೇಳಿದೆ. ಸುಳ್ಳಲ್ಲ ತಾನೇ?

ಆ ದೃಶ್ಯ ತಾಲೀಮಿನಲ್ಲಿ ಯಾಕೆ ಭಾರ ಆಗುತ್ತಿತ್ತು ಅಂತ ಈಗ ಅನ್ನಿಸುತ್ತಿದೆ. ಅವನ ಮುಖದಲ್ಲಿ ಎಲ್ಲ ಕಾಣುತ್ತಿತ್ತು. ಕಂಡದ್ದನ್ನೇ ಮಾತು ಮತ್ತೆ ಹೇಳುತ್ತಿತ್ತು. ಕತ್ತಲಲ್ಲಿ ಮುಖ ಇರಲಿಲ್ಲ. ಒಂಬತ್ತು ನಿಮಿಷ ಜಾಸ್ತಿ ಅನ್ನೋ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಕತ್ತಲಲ್ಲಿ ಅಷ್ಟು ಹೊತ್ತು ಕೂರಿಸಿದರೆ ಜನ ಫೋನ್ ತೆಗೆಯುತ್ತಾರೆ.

ಇನ್ನೊಂದು ಉತ್ಸವಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಆಡಲು 60 ನಿಮಿಷ ಕೊಡುತ್ತಾರೆ, ‘ಅಂದಾಜು’ ಅಂತ ಬರೆಯುವ ಹಾಗಿಲ್ಲ. ನೀನು ಮೂರನೇ ದೃಶ್ಯವನ್ನು ಮೂರೂವರೆ ನಿಮಿಷಕ್ಕೆ, ಪೂರ್ತಿ ಕತ್ತಲಿಗೆ ಅಂತಲೇ ಬರೆದುಕೊಡುತ್ತೀಯಾ? ಈ ಸಲ ಕೇಳುತ್ತಿದ್ದೇನೆ, ನೋಡು. ಏನು ಬೇಕಾದರೂ ಬದಲಾಯಿಸು, ಕೀ ಮಾತ್ರ ಮೂರೇ ಇರಲಿ.

ನಿನ್ನ,
ಗೆಳೆಯ