ಅಜ್ಜನ ಗಂಬೂಟು

ಪುಟ್ಟಿ,

ನಿನ್ನ ಬಸ್ಸು ಈಗ ಕುಶಾಲನಗರ ದಾಟಿರ್ಬೇಕು. ಬೆಳಿಗ್ಗೆ ಕೆಲಸದವರ ಎದುರಿಗೆ ಹಾಗೆ ಕೂಗಾಡಿದ್ದು ನಂದೇ ತಪ್ಪು. ಆದ್ರೆ ನಿನ್ನ ಬ್ಯಾಗಲ್ಲಿ ತಲೆನೋವಿಗೆ ಅಂತ ಇಟ್ಕೊಂಡ ಡೈಕ್ಲೋಫೆನಾಕ್ ನೋವಿನ ಮಾತ್ರೆ ನಾಲ್ಕು ಸ್ಟ್ರಿಪ್ಪು, ಅದ್ರಲ್ಲಿ ಮೂರು ಖಾಲಿ, ನೋಡಿ ಕೈಕಾಲೇ ಆಡ್ಲಿಲ್ಲ ನಂಗೆ.

ಕಿಡ್ನಿ ಕೆಟ್ಟ ಮೇಲೆ ಅಜ್ಜನ ಡಯಾಲಿಸಿಸ್ಸು, ಮಡಿಕೇರಿ ಓಡಾಟ ಎಲ್ಲ ನೀನೇ ನೋಡಿದೀಯ, ಅದು ಬೇಡ. ಅದಕ್ಕೂ ಎರಡು ವರ್ಷ ಮುಂಚೆ, ಕಕ್ಕಡ ತಿಂಗಳ ಮಳೇಲಿ ತೋಟಕ್ಕೆ ಹೊರಟವರಿಗೆ ಗಂಬೂಟು ಏರ್ಲಿಲ್ಲ. ಜಗಲೀಲಿ ಕೂತು ಎಳೀತಾರೆ ಎಳೀತಾರೆ, ಹಿಮ್ಮಡಿ ಇಳೀತಾನೇ ಇಲ್ಲ. ಮಳೆಗೆ ಬೂಟು ಕುಗ್ಗಿದೆ ಕಣೋ ಅಂದ್ರು. ನಾನೂ ಹೂಂ ಅಂದು ಸುಂಟಿಕೊಪ್ಪಕ್ಕೆ ಹೋಗಿ 8ರ ಬದಲು 9ನೇ ನಂಬರ್ ತಂದುಕೊಟ್ಟೆ. ರಬ್ಬರ್ ಎಲ್ಲಾದ್ರೂ ಕುಗ್ಗುತ್ತಾ ಪುಟ್ಟಿ? ಕಣಕಾಲಿಗೆ ಹೆಬ್ಬೆರಳು ಒತ್ತಿದ್ರೆ ಗುಂಡಿ ಹಾಗೇ ನಿಲ್ತಿತ್ತು, ಬೆಳಿಗ್ಗೆ ಕಣ್ಣ ಕೆಳಗೂ ಊತ, ರಾತ್ರಿ ಮೂರ್ಮೂರು ಸಲ ಏಳೋರು. ವಯಸ್ಸಾಯ್ತು ಅಂದ್ಕೊಂಡ್ವಿ. ಮಂಡಿನೋವಿಗೆ ವರ್ಷಗಟ್ಟಲೆ ನುಂಗಿದ್ದೂ ಇದೇ ಮಾತ್ರೆ, ಜೊತೆಗೆ ಯಾರೂ ಅಳೀದೇ ಇದ್ದ ಬಿಪಿ. 9ನೇ ನಂಬರ್ ತಂದ್ನಲ್ಲ ನಾನು, ಡಾಕ್ಟ್ರ ಹತ್ರ ಕರ್ಕೊಂಡು ಹೋಗೋದು ಬಿಟ್ಟು.

ಮುಷ್ಟಿಯಷ್ಟು ದೊಡ್ಡದಿರೋ ಎರಡು ಕಿಡ್ನಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ನೀರಂಶ ಸೋಸಿ, ಬೇಕಾದ್ದನ್ನೆಲ್ಲ ರಕ್ತಕ್ಕೆ ವಾಪಸ್ ಕಳಿಸಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಡ್ತವಂತೆ, ಬಿಪಿ ಹಿಡಿತದಲ್ಲಿಡೋದು, ಹೊಸ ರಕ್ತ ಹುಟ್ಟೋಕೆ ಬೇಕಾದ ಹಾರ್ಮೋನ್ ಮಾಡೋದೂ ಅವೇ. ಈ ನೋವಿನ ಮಾತ್ರೆಗಳು ಅವಕ್ಕೆ ಹೋಗೋ ರಕ್ತಾನೇ ಕಡಿಮೆ ಮಾಡ್ತವೆ, ನೀರು ಕುಡೀದೆ ಇರೋ ನಿನ್ನಂಥವರಿಗೆ ಇನ್ನೂ ಜಾಸ್ತಿ. ಕೆಟ್ಟರೂ ನೋವಿರಲ್ಲ, ಬಹಳಷ್ಟು ಹೋದ ಮೇಲೇ ಸುಸ್ತು, ತುರಿಕೆ, ಊಟ ಸೇರದಿರೋದು. ಮೂತ್ರದಲ್ಲಿ ನೊರೆ ಬಂದು ಹೋಗ್ದೇ ನಿಂತ್ರೆ ಪ್ರೋಟೀನ್ ಸೋರ್ತಿರಬಹುದು, ನಾಚ್ಕೋಬೇಡ, ನೋಡು.

ಮತ್ತೆ ಭಾಷಣ ಆಯ್ತು. ಮೊದಲ ಸಂಬಳದಲ್ಲಿ ನೀ ತಂದ ಮಿಷನ್ನಿಂದಲೇ ನನ್ನ ಬಿಪಿ ಸಿಕ್ಕಿಬಿದ್ದದ್ದು, ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ಅದೇ ಬುದ್ಧಿ ನಿನ್ನ ಮೈಗೂ ಇರ್ಲಿ. ಆ ತಲೆನೋವು ಯಾಕೆ ಬರ್ತಿದೆ ಅಂತ ಡಾಕ್ಟ್ರಿಗೆ ತೋರ್ಸು, ಜೊತೆಗೆ ಕಿಡ್ನಿ ನೋಡೋ ಎರಡು ಟೆಸ್ಟು, ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡೋ ಯೂರಿನ್ ಅಲ್ಬುಮಿನ್, ಎರಡೂ ಮಾಡ್ಸು. ಕ್ರಿಯಾಟಿನಿನ್ ರಿಪೋರ್ಟಲ್ಲಿ ಸಾಮಾನ್ಯವಾಗಿ ಇಜಿಎಫ್‌ಆರ್ ಅಂತ ಇರುತ್ತೆ, ಕಿಡ್ನಿ ಎಷ್ಟು ಚೆನ್ನಾಗಿ ಸೋಸ್ತಿದೆ ಅನ್ನೋ ಅಂದಾಜು, ಅದು ಮೂರು ತಿಂಗಳು 60ಕ್ಕಿಂತ ಕೆಳಗೇ ಇದ್ರೆ ಕಿಡ್ನಿ ಕಾಯಿಲೆ ಅಂತ ಲೆಕ್ಕ.

ಮಾತಾಡೋಕೆ ಮನಸಿಲ್ದಿದ್ರೆ ರಿಪೋರ್ಟ್ ಫೋಟೋ ಮಾತ್ರ ಕಳ್ಸು. ಕರಿಮೆಣಸಿನ ಡಬ್ಬಿ ಮೇಜಿನ ಮೇಲೇ ಬಿಟ್ಟು ಹೋಗಿದೀಯ, ಬುಧವಾರ ಬೆಂಗಳೂರಿಗೆ ಹೋಗೋರಿದ್ದಾರೆ, ಕೊಟ್ಟು ಕಳಿಸ್ತೀನಿ.

ಅಪ್ಪ