ಚಿಂತೆಗೆ ದೂರದ ಊರಿನಿಂದ

ಹುವಾ ಹಿನ್, ಥಾಯ್ಲೆಂಡ್, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಶ್ರೀಪಾದ,

ನಮ್ಮ ಹಾಗೆ ನೀವೂ ಇಲ್ಲಿಗೇ ಬಂದು ನಿವೃತ್ತಿಯ ದಿನ ಕಳೆಯುತ್ತೇವೆ ಅನ್ನುವ ನಿನ್ನ ಮೆಸೇಜು ನೋಡಿ ಎರಡು ದಿನ ಸುಮ್ಮನಿದ್ದೆ. "ಇಬ್ಬರಿಗೆ ತಿಂಗಳಿಗೆ ಎಷ್ಟಾಗತ್ತೋ, ಒಂದು ಅಂಕಿ ಹೇಳು ಸಾಕು" ಅಂತ ಕೇಳಿದ್ದೀಯ. ಕೊನೆಗೆ, ಮರೆತಿದ್ದು ನೆನಪಾದವನ ಹಾಗೆ, "ಮನೆಗೆ ಗಿರಾಕಿ ಸಿಕ್ಕಿದ್ದಾರೆ, ಅಡ್ವಾನ್ಸ್ ತಗೊಳ್ಳೋದೊಂದೇ ಬಾಕಿ" ಅಂದಿದ್ದೀಯ. ನಾನು ಈ ಪತ್ರ ಬರೆಯಲು ಕೂತದ್ದು ಆ ಕೊನೆಯ ಸಾಲಿಗೆ.

ಅಂಕಿ ಮೊದಲು ಹೇಳಿಬಿಡುತ್ತೇನೆ. ನಮ್ಮಿಬ್ಬರಿಗೆ ತಿಂಗಳಿಗೆ ಸುಮಾರು 45 ಸಾವಿರ ಬಾತ್ ಆಗುತ್ತದೆ. ಅದರಲ್ಲಿ 13 ಸಾವಿರ ಬಾಡಿಗೆ. ಒಂದು ಬೆಡ್‌ರೂಮಿನ ಕಾಂಡೋ, ಅಂದರೆ ನಮ್ಮ ಫ್ಲ್ಯಾಟು, ಸಮುದ್ರಕ್ಕೆ ಹದಿನೈದು ನಿಮಿಷದ ನಡಿಗೆ. ಸಮುದ್ರ ಕಾಣುವ ಮನೆಗೆ ದುಡ್ಡೂ ಜಾಸ್ತಿ, ಉಪ್ಪುಗಾಳಿಗೆ ಏಸಿ ಕೆಡುವ ಕಾಟವೂ ಜಾಸ್ತಿ. ಓಡಾಡಲು ಹಸಿರು ಬಣ್ಣದ ಸೊಂಗ್‌ತೆವ್ ಇದೆ. ಪಿಕಪ್ ಗಾಡಿಯ ಹಿಂದೆ ಎದುರುಬದುರು ಎರಡು ಬೆಂಚು, ಹೆಸರಿನ ಅರ್ಥವೂ 'ಎರಡು ಸಾಲು' ಅಂತಲೇ. ಏಪ್ರಿಲಿನಲ್ಲಿ ಕರೆಂಟ್ ಬಿಲ್ಲು ನೋಡಿದರೆ ಬೆವರು ಇನ್ನೂ ಹೆಚ್ಚಾಗುತ್ತದೆ. ಲೆಕ್ಕ ಇಷ್ಟೇ. ಇದರಲ್ಲಿ ಆರೋಗ್ಯ ವಿಮೆ ಸೇರಿಲ್ಲ. ನೀನು ನೋಡಿದ ಯಾವ ವಿಡಿಯೋದಲ್ಲೂ ಅದು ಸೇರಿರುವುದಿಲ್ಲ.

ಊರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ರೈಲು ಬಂದ ಮೇಲೆ ಬೆಳೆದ ಊರು ಇದು. ಹಳೆಯ ಕಾಲದ ಮರದ ಸ್ಟೇಷನ್ನು ಇನ್ನೂ ಕೆಂಪು-ಕೆನೆ ಬಣ್ಣ ಹಚ್ಚಿಸಿಕೊಂಡು ನಿಂತಿದೆ, 2023ರ ಡಿಸೆಂಬರಿನಿಂದ ರೈಲುಗಳು ಮಾತ್ರ ಪಕ್ಕದ ಎತ್ತರದ ಹೊಸ ಸ್ಟೇಷನ್ನಿಗೆ ಹೋಗುತ್ತವೆ. 1920ರ ದಶಕದಲ್ಲಿ ಏಳನೆಯ ರಾಮ, ಅಂದರೆ ಪ್ರಜಾಧಿಪಕ್ ದೊರೆ, ಇಲ್ಲಿನ ದಂಡೆಯಲ್ಲಿ ಬೇಸಿಗೆ ಅರಮನೆ ಕಟ್ಟಿಸಿದರು. ಅದರ ಹೆಸರು 'ಕ್ಲೈ ಕಾಂಗ್ವೋನ್'. ಕ್ಲೈ ಅಂದರೆ ದೂರ, ಕಾಂಗ್ವೋನ್ ಅಂದರೆ ಚಿಂತೆ. ಚಿಂತೆಗೆ ದೂರ! ನಿವೃತ್ತರಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಬೇಕೇ? ಆದರೆ 1932ರ ಜೂನ್ 24ರಂದು ಬ್ಯಾಂಕಾಕಿನಲ್ಲಿ ಕ್ರಾಂತಿಯಾಗಿ ಸಂಪೂರ್ಣ ರಾಜಾಧಿಕಾರ ಮುಗಿಯಿತು ಎಂಬ ಸುದ್ದಿ ದೊರೆಗೆ ಬಂದದ್ದೂ ಇದೇ ಊರಿನಲ್ಲಿ. ಗಾಲ್ಫ್ ಆಡುತ್ತಿದ್ದರಂತೆ.

ಇನ್ನೊಂದು ಸ್ವಾರಸ್ಯ ಕೇಳು. ಥಾಯ್ ಭಾಷೆಯಲ್ಲಿ ದನಿಯ ಏರಿಳಿತ ಐದು ಬಗೆ, ಅದು ಬದಲಾದರೆ ಅರ್ಥವೂ ಬದಲು. 'ಕ್ಲೈ' ಅನ್ನುವುದನ್ನು ಸಮನಾಗಿ ಎಳೆದರೆ 'ದೂರ', ದನಿ ಎತ್ತಿ ಇಳಿಸಿದರೆ 'ಹತ್ತಿರ'. ಮೂರು ವರ್ಷವಾದರೂ ನನ್ನ ನಾಲಿಗೆಗೆ ಆ ವ್ಯತ್ಯಾಸ ಹಿಡಿತಕ್ಕೆ ಬಂದಿಲ್ಲ. ಆಟೋದವನಿಗೆ ಅರಮನೆಯ ಹೆಸರು ಹೇಳಿದಾಗಲೆಲ್ಲ ಅವನು ನಗುತ್ತಾನೆ. ಚಿಂತೆಗೆ ದೂರ ಅಂದೆನೋ, ಹತ್ತಿರ ಅಂದೆನೋ, ಅವನಿಗೇ ಗೊತ್ತು. ಹಾಗಂತ ಎಲ್ಲವೂ ಪರಕೀಯವಲ್ಲ. ಆಹಾರ 'ಆಹಾನ್', ಭಾಷೆ 'ಫಾಸಾ', ಸಮುದ್ರ 'ಸಮುತ್', ವೇಳೆ 'ವೇಲಾ', ಗುರು 'ಖ್ರು'. ಏಪ್ರಿಲಿನ ಹೊಸವರ್ಷದ ಹಬ್ಬ 'ಸೊಂಗ್‌ಕ್ರಾನ್' ನಮ್ಮ ಸಂಕ್ರಾಂತಿ ಎಂಬ ಮಾತೇ. ಮೊದಲ ಆರು ತಿಂಗಳು ನಾನು ಇದೇ ಅಮಲಿನಲ್ಲಿದ್ದೆ, ನೆಂಟರ ಮನೆಗೆ ಬಂದ ಹಾಗೆ.

ಆಮೇಲೆ ಇನ್ನೊಂದು ಪದ ಕಲಿತೆ. ಬಿಳಿಯರಿಗೆ ಇಲ್ಲಿ 'ಫರಾಂಗ್' ಅನ್ನುತ್ತಾರೆ. ನಮ್ಮಂಥವರಿಗೆ 'ಖ್ಯಾಕ್'. ಹಾಗಂದರೆ ಅತಿಥಿ. ಮರ್ಯಾದೆಗೂ ಅನ್ನುತ್ತಾರೆ, ತಾತ್ಸಾರಕ್ಕೂ ಅನ್ನುತ್ತಾರೆ, ಅದು ಹೇಳುವವರ ದನಿಯ ಮೇಲೆ. ಬೇಜಾರೇನಿಲ್ಲ. ಇಲ್ಲಿ ನಮ್ಮ ಸ್ಥಿತಿ ಏನು ಅಂತ ಇದಕ್ಕಿಂತ ಚೊಕ್ಕವಾಗಿ ಯಾವ ವಕೀಲನೂ ಹೇಳಲಾರ.

ಹೇಗೆ ಅಂತ ನೋಡು. ಐವತ್ತು ದಾಟಿದವರಿಗೆ ನಿವೃತ್ತಿಯ ಆಧಾರದ ಮೇಲೆ ಒಂದು ವರ್ಷ ಇರಲು ಅನುಮತಿ ಕೊಡುತ್ತಾರೆ. ಒಂದೇ ವರ್ಷ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ 1,900 ಬಾತ್ ಶುಲ್ಕ. ಹತ್ತು ವರ್ಷ ಇದ್ದವನೂ ಅದೇ ಸಾಲಿನಲ್ಲಿ ಕೂರಬೇಕು. ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು, ಇಲ್ಲವೇ ಇಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು. (ನಮ್ಮ ಲಕ್ಷಕ್ಕೆ ಇವರಲ್ಲೂ ಒಂದೇ ಪದವಿದೆ, 'ಸ್ಯಾನ್' ಅಂತ. ಇಂಗ್ಲಿಷಿನವರು 'ಎಂಟುನೂರು ಸಾವಿರ' ಅಂತ ತಡವರಿಸುವಾಗ ನಾನು ಧೈರ್ಯವಾಗಿ 'ಪ್ಯಾತ್ ಸ್ಯಾನ್' ಅನ್ನುತ್ತೇನೆ. ನನ್ನ ಥಾಯ್ ಪಾಂಡಿತ್ಯಕ್ಕೆ ಸಿಕ್ಕಿದ ಏಕೈಕ ಗೆಲುವು.) ಆ 8 ಲಕ್ಷ ಅರ್ಜಿಗೆ ಎರಡು ತಿಂಗಳು ಮುಂಚಿನಿಂದ ಖಾತೆಯಲ್ಲಿರಬೇಕು, ಅನುಮತಿ ಸಿಕ್ಕ ಮೇಲೆ ಮೂರು ತಿಂಗಳು ಅಲುಗಾಡಬಾರದು, ಉಳಿದ ದಿನಗಳಲ್ಲಿ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು.

ಎರಡನೆಯ ವರ್ಷ ನಾನು ಬುದ್ಧಿವಂತನಾಗಲು ಹೋಗಿ ಸರಿಯಾಗಿ 8 ಲಕ್ಷದ ಮೇಲೆ ನೂರೈವತ್ತು ಬಾತ್ ಇಟ್ಟೆ, ಗಡುವಿಗೆ ಹತ್ತು ವಾರ ಮುಂಚೆ. ಮೂರನೆಯ ದಿನ ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಕತ್ತರಿಸಿಹೋಯಿತು. ವಾರ ಕಳೆದು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಮೊತ್ತ 7ರಿಂದ ಶುರುವಾಗಿತ್ತು! ಇಡೀ ಬ್ಯಾಂಕ್ ತಣ್ಣಗಿತ್ತು, ನನ್ನ ಅಂಗೈ ಒದ್ದೆ. ಅಲ್ಲೇ ದುಡ್ಡು ಕಟ್ಟಿ, ಎರಡು ತಿಂಗಳ ಎಣಿಕೆಯನ್ನು ಅಂದಿನಿಂದ ಹೊಸದಾಗಿ ಶುರುಮಾಡಿದೆ. ಅದು ತುಂಬುವ ಹೊತ್ತಿಗೆ ಗಡುವಿಗೆ ಕೆಲವೇ ದಿನ ಉಳಿದಿತ್ತು. ತಪ್ಪು ನನ್ನದೇ. ಆದರೂ ನಲವತ್ತು ವರ್ಷ ದುಡಿದು, ಒಂದು ಊಟದ ಖರ್ಚಿನಷ್ಟು ದುಡ್ಡಿಗೆ ದೇಶ ಬಿಡಬೇಕಾಗುತ್ತಿತ್ತು ಅನ್ನುವ ಯೋಚನೆ ಅವತ್ತು ರಾತ್ರಿ ನಿದ್ದೆ ಕೊಡಲಿಲ್ಲ.

90 ದಿನಕ್ಕೊಮ್ಮೆ "ಇದೇ ವಿಳಾಸದಲ್ಲಿದ್ದೇನೆ" ಅಂತ ಇಮಿಗ್ರೇಷನ್‌ಗೆ ತಿಳಿಸಬೇಕು. ಮರೆತರೆ 2,000 ಬಾತ್ ದಂಡ. ನವೆಂಬರಿನಲ್ಲಿ ಪಿಂಚಣಿಯವರಿಗೆ ಜೀವನ ಪ್ರಮಾಣಪತ್ರ ಬೇರೆ. ಇಲ್ಲಿನವರಿಗೆ 'ಇಲ್ಲಿದ್ದೇನೆ' ಅಂತ, ಅಲ್ಲಿನವರಿಗೆ 'ಇದ್ದೇನೆ' ಅಂತ. ನಡುವೆ ಮದುವೆಗೋ ಸಾವಿಗೋ ಹೊರಗೆ ಹೋಗುವುದಾದರೆ ಮೊದಲೇ 1,000 ಬಾತ್ ಕಟ್ಟಿ ಮರುಪ್ರವೇಶದ ಪರವಾನಗಿ ತಗೋಬೇಕು, ಇಲ್ಲದಿದ್ದರೆ ವಿಮಾನ ಏರಿದ ಕ್ಷಣಕ್ಕೆ ಆ ವರ್ಷದ ಅನುಮತಿಯೇ ರದ್ದು. ವರ್ಷಕ್ಕೆ 180 ದಿನ ಇಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ನೀನು ಇಲ್ಲಿನವನೇ. 2024ರಿಂದೀಚೆಗೆ ಹೊರಗೆ ಗಳಿಸಿ ಒಳಗೆ ತಂದ ಹಣವೂ ಆ ಲೆಕ್ಕಕ್ಕೆ ಬರುತ್ತದೆ. ತೆರಿಗೆಗೆ ಮಾತ್ರ ನಾವು ಅತಿಥಿಗಳಲ್ಲ, ನೋಡು.

ಇನ್ನು ನಿನ್ನ ಆಸೆ, ಬಡ ಮಕ್ಕಳಿಗೆ ಪುಕ್ಕಟೆ ಗಣಿತ ಹೇಳಿಕೊಡುವುದು. ಮಾರಾಯ, ಈ ಅನುಮತಿಯ ಮೇಲೆ ಇರುವವರು ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದ ಸೇವೆಗೂ ವರ್ಕ್ ಪರ್ಮಿಟ್ ಬೇಕು. ರಿಟೈರಾದ ಮೇಲೂ ದಿನಾ ಆರಕ್ಕೆ ಎದ್ದು ಬೋರ್ಡು ಒರೆಸುವ ನೀನು ಇಲ್ಲಿ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಏನು ಮಾಡುತ್ತೀಯ? ಇದು ತಮಾಷೆಯ ಪ್ರಶ್ನೆಯಲ್ಲ. ಆ ಏಳು ಗಂಟೆ ತುಂಬಿಸಲಾಗದೆ ಬಿಯರಿಗೆ ಬಿದ್ದವರನ್ನು ನಾನು ದಿನಾ ನೋಡುತ್ತೇನೆ.

ಈಗ ಮೇಲಿನ ಮನೆಯ ಅಜ್ಜನ ವಿಷಯ. ನಾರ್ವೆಯವರು, ಎಪ್ಪತ್ತೆಂಟು ವಯಸ್ಸು, ಒಬ್ಬರೇ. ಬಂದು ಹದಿನೆಂಟು ವರ್ಷವಾಗಿತ್ತು. ಅಲ್ಲಿ ಇದ್ದ ಮನೆ ಮಾರಿ ಇಲ್ಲಿ ಕಾಂಡೋ ಕೊಂಡಿದ್ದರು. (ನೆಲ ನಮ್ಮ ಹೆಸರಿಗೆ ಆಗುವುದಿಲ್ಲ. ಕಾಂಡೋ ಆಗುತ್ತದೆ, ಆದರೆ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ 49 ಪ್ರತಿಶತ ಮಾತ್ರ ವಿದೇಶಿಯರ ಪಾಲು.) ವಯಸ್ಸಾದಂತೆ ವಿಮೆಯ ಕಂತು ಏರಿತು, ಎಪ್ಪತ್ತೆರಡಕ್ಕೆ ವಿಮೆ ಬಿಟ್ಟರು. "ನನಗೇನಾಗತ್ತೆ, ದಿನಾ ಈಜುತ್ತೀನಲ್ಲ" ಅನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು ಎಲ್ಲ ದೇವರಂಥವರು, ಆದರೆ ಮೊದಲು ಕೇಳಿದ್ದು ಮುಂಗಡ. ಮಗಳು ಬರಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ನಾವು ಗಂಡಹೆಂಡತಿ, ನಾನೂ ಶಾರದೆಯೂ, ಸರದಿಯ ಮೇಲೆ ಕೂತೆವು. ಔಷಧಿಯ ಮಂಪರಿನಲ್ಲಿ ಅವರು ಇಂಗ್ಲಿಷೂ ಬಿಟ್ಟು ತಮ್ಮ ಭಾಷೆಯಲ್ಲೇ ಏನೋ ಕೇಳುತ್ತಿದ್ದರು. ನೀರೋ, ಕಿಟಕಿಯೋ, ಯಾರದೋ ಹೆಸರೋ. ಆ ವಾರ್ಡಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಮಗಳು ಕರೆದುಕೊಂಡು ಹೋದಳು. ಮನೆಯ ಬೀಗದ ಕೈ ನನ್ನ ಹತ್ತಿರ ಬಂತು, ಸಾಮಾನು ಯಾರಿಗಾದರೂ ಕೊಟ್ಟುಬಿಡಿ ಅಂತ. ಥಾಯ್ ಕಲಿಯುವ ಪುಸ್ತಕವೊಂದಿತ್ತು, ಹನ್ನೆರಡನೆಯ ಪುಟದವರೆಗೆ ಪೆನ್ಸಿಲಿನ ಗುರುತು, ಮುಂದೆ ಹೊಸದು. ಉಣ್ಣೆಯ ಒಂದು ಜೊತೆ ಕೈಗವಸು, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ಇಟ್ಟದ್ದು. ಈ ಸೆಕೆಯ ಊರಿನಲ್ಲಿ ಹದಿನೆಂಟು ವರ್ಷ ಯಾಕೆ ಇಟ್ಟುಕೊಂಡಿದ್ದರು ಅಂತ ಶಾರದೆ ಕೇಳಿದಳು. ಅದನ್ನು ಮಾತ್ರ ಅಂಚೆಯಲ್ಲಿ ಕಳಿಸಿದೆವು. ಕಾಂಡೋ ಇನ್ನೂ ಮಾರಾಟವಾಗಿಲ್ಲ. ಅಜ್ಜ ಈಗ ಮಗಳ ಮನೆಯ ನೆಲಮಾಳಿಗೆಯ ಕೋಣೆಯಲ್ಲಿದ್ದಾರೆ.

ಅವತ್ತಿನಿಂದ ನಾನು ಶಾರದೆಯ ಲೆಕ್ಕ ಹಾಕತೊಡಗಿದೆ. ಅವಳು ಇಲ್ಲಿರುವುದು ನನ್ನ ಅವಲಂಬಿತೆಯಾಗಿ, ನನ್ನ ಅನುಮತಿಯ ಬಾಲ ಹಿಡಿದು. ನಾನು ಹೋದರೆ ಆ ಬಾಲವೂ ಹೋಯಿತು. ಬ್ಯಾಂಕಿನ 8 ಲಕ್ಷ ನನ್ನೊಬ್ಬನ ಹೆಸರಿನಲ್ಲಿದೆ. ಅದನ್ನು ಬಿಡಿಸಿಕೊಳ್ಳಲು ಅವಳು ಇಲ್ಲಿನ ಕೋರ್ಟಿನಿಂದ ಆದೇಶ ತರಬೇಕು, ತನಗೆ ಬಾರದ ಭಾಷೆಯಲ್ಲಿ. ಕಳೆದ ತಿಂಗಳು ಇಲ್ಲಿನ ಆಸ್ತಿಗೆ ಅಂತಲೇ ಬೇರೆ ವಿಲ್ ಬರೆಸಿದೆ. ತಾರೀಖು ಬೌದ್ಧ ಶಕೆಯಲ್ಲಿ, ನಮ್ಮ ಇಸವಿಗೆ 543 ಕೂಡಿಸಿ ಬರೆಯುತ್ತಾರೆ. ಶಾರದೆ ಅದನ್ನು ನೋಡಿ, "ಅಷ್ಟು ದೂರ ಇದೆಯಲ್ಲ, ಆಗ ನೋಡ್ಕೊಳ್ಳೋಣ ಬಿಡಿ" ಅಂದಳು. ಈ ಊರಿನಲ್ಲಿ ಅವಳು ನನಗಿಂತ ಸುಖವಾಗಿದ್ದಾಳೆ. ಸಂತೆಯ ಹೆಂಗಸರೆಲ್ಲ ಅವಳನ್ನು 'ಪಾ' ಅಂತ, ದೊಡ್ಡಮ್ಮ ಅಂತ, ಕೂಗುತ್ತಾರೆ. ನನ್ನನ್ನು 'ಲುಂಗ್'. ದೊಡ್ಡಪ್ಪ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅಂದುಕೋಬೇಡ. ಬೆಳಿಗ್ಗೆ ಐದೂಮುಕ್ಕಾಲಿಗೆ ದಂಡೆಗೆ ಹೋದರೆ ಸೂರ್ಯ ನೀರಿನಿಂದಲೇ ಏಳುತ್ತಾನೆ, ಇಳಿತದ ಹೊತ್ತಿಗೆ ಮರಳು ತೆಂಕಲಿಗೆ ಕೋತಿಗಳ ಗುಡ್ಡ ಖಾವೋ ತಕಿಯಾಬ್‌ವರೆಗೂ ಬಿಚ್ಚಿಕೊಳ್ಳುತ್ತದೆ, ನನ್ನ ಮಂಡಿನೋವು ಅರ್ಧ ಕಡಿಮೆಯಾಗಿದೆ. ನಾನು ಸದ್ಯಕ್ಕೆ ಇಲ್ಲಿಂದ ಎಲ್ಲಿಗೂ ಹೋಗುವವನಲ್ಲ. ನನಗೆ ಹಾಗೆ ಅನ್ನುವ ಧೈರ್ಯ ಯಾಕಿದೆ ಅಂದರೆ, ಹೋಗಬೇಕಾದರೆ ಹೋಗಲು ಒಂದು ಮನೆ ಇದೆ. ಬೀಗ ಹಾಕಿ ಬಂದಿದ್ದೇನೆ, ಮಾರಿ ಬಂದಿಲ್ಲ. ಅಂಗಳದಲ್ಲಿ ಹುಲ್ಲು ಬೆಳೆದಿರಬಹುದು, ಬೆಳೆಯಲಿ.

ಹಾಗಾಗಿ ಆ ಗಿರಾಕಿಗೆ ಆರು ತಿಂಗಳು ತಡೆಯಿರಿ ಅಂತ ಹೇಳು. ತಡೆಯದಿದ್ದರೆ ಹೋಗಲಿ. ನೀನೂ ಅತ್ತಿಗೆಯೂ ಅಕ್ಟೋಬರಿಗೆ ಬನ್ನಿ. ಜನವರಿಗೆ ಬೇಡ. ಜನವರಿಯಲ್ಲಿ ತಂಪುಗಾಳಿ, ಊರ ತುಂಬ ಚಳಿ ತಪ್ಪಿಸಿಕೊಂಡು ಬಂದ ಯುರೋಪಿನವರು, ಯಾರಿಗೂ ಇಲ್ಲೇ ಉಳಿಯೋಣ ಅನ್ನಿಸುತ್ತದೆ. ಅಕ್ಟೋಬರು-ನವೆಂಬರಿನಲ್ಲಿ ಮಳೆ ಜಡಿಯುತ್ತದೆ, ಗಲ್ಲಿಯಲ್ಲಿ ಮೊಣಕಾಲ ಗಂಟಿನವರೆಗೆ ನೀರು, ಸಮುದ್ರ ಚಹಾದ ಬಣ್ಣ, ಉಬ್ಬರಕ್ಕೆ ದಂಡೆಯೇ ಮಾಯ. ಆಗ ಒಂದು ತಿಂಗಳು ಈ ಕೋಣೆಯಲ್ಲಿ ಇಬ್ಬರೂ ಜಗಳವಾಡದೆ ಕೂತರೆ ಆಮೇಲೆ ಮಾತಾಡೋಣ. ನಮ್ಮ ಕಟ್ಟಡದಲ್ಲೇ ತಿಂಗಳ ಬಾಡಿಗೆಗೆ ಮನೆ ಸಿಗುತ್ತದೆ, ನಾನು ಕೇಳಿಟ್ಟಿರುತ್ತೇನೆ. ಬರುವಾಗ ನಿನ್ನ ಬಿಪಿ ಮಾತ್ರೆಯ ಚೀಟಿ, ಹಳೆಯ ರಿಪೋರ್ಟು ಎಲ್ಲ ತಾ. ಈಗಾಗಲೇ ಇರುವ ಕಾಯಿಲೆಗೆ ವಿಮೆಯವರು ಏನನ್ನುತ್ತಾರೆ ಅಂತ ಎದುರಿಗೇ ಕೂತು ಕೇಳೋಣ.

ಬ್ಯಾಂಕು ತೆರೆಯುವ ಹೊತ್ತಾಯಿತು. ಅನುಮತಿ ಮುಗಿಯಲು ಇನ್ನು ಎರಡೂವರೆ ತಿಂಗಳಿದೆ. ಈ ಸಲ 8 ಲಕ್ಷದ ಮೇಲೆ ಐದು ಸಾವಿರ ಇಟ್ಟಿದ್ದೇನೆ, ಆದರೂ ವಾರಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸುವ ಚಟ ಹೋಗಿಲ್ಲ. ಕೌಂಟರಿನ ಹುಡುಗಿ ನನ್ನನ್ನು ಕಂಡ ಕೂಡಲೇ ಕೈಚಾಚುತ್ತಾಳೆ, 'ಲುಂಗ್ ಪ್ಯಾತ್ ಸ್ಯಾನ್' ಬಂದರು ಅಂತ ಪಕ್ಕದವಳಿಗೆ ಹೇಳುತ್ತಾಳೆ.

ನಿನ್ನ
ರಘು